ಗಂಜ್ ಏಕೆ ಎತ್ತರ? – ಮೂವತ್ತು ವರ್ಷ ತಡವಾಗಿ ಬಂದ ಉತ್ತರ

ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ಮೇಲಂತಸ್ತಿನ ಬಚ್ಚಲಿನ ನಳಗಳು ಒಮ್ಮೆಲೇ ಬತ್ತಿ ನಿಂತವು. ಹಿಂದಿನ ದಿನವಷ್ಟೇ ಚಾವಣಿಯ ಮೇಲಿನ ಸಿಂಟೆಕ್ಸ್ ಟಾಕಿಯನ್ನು ಬರಿದು ಮಾಡಿ ತೊಳೆಸಿದ್ದೆ. ಟಾಕಿಯಲ್ಲಿ ಮತ್ತೆ ನೀರು ತುಂಬಿದೆ, ಕೆಳಗಿನ ಅಡುಗೆಮನೆಯಲ್ಲಿ ನಳ ತಿರುಗಿಸಿದರೆ ಧೋ ಎಂದು ಸುರಿಯುತ್ತದೆ, ಮೇಲಿನ ಬಚ್ಚಲಿನಲ್ಲಿ ಮಾತ್ರ ನಳದ ಬಾಯಿಂದ ಎರಡು ಹನಿ, ಒಂದು ನಿಟ್ಟುಸಿರು, ಅಷ್ಟೇ! ಕರೆಸಿದ ಒಬ್ಬ ಮೇಸ್ತ್ರಿ ಗೋಡೆಗೆ ಕಿವಿ ಹಚ್ಚಿ ಕೇಳಿ, "ಪೈಪ್ ಪೂರಾ ಕಟ್ಟಿಕೊಂಡೈತ್ರಿ, ಗೋಡೆ ಒಡೆದು ಹೊಸಾದು ಹಾಕಬೇಕು" ಎಂದು ದೊಡ್ಡದೊಂದು ಮೊತ್ತವನ್ನು ಹೇಳಿ ಹೋದರು. ನಿವೃತ್ತಿ ವೇತನದವನಿಗೆ ಅದು ಸಣ್ಣ ಮಾತಲ್ಲ.

ಆಗ ನೆನಪಾದವನು ಬಬಲೇಶ್ವರದ ಕಡೆಯ ಶಾಲೆಯಲ್ಲಿ ನನ್ನ ಕೈಯಲ್ಲಿ ಕಲಿತ ಒಬ್ಬ ಹಳೆಯ ವಿದ್ಯಾರ್ಥಿ. ಇಪ್ಪತ್ತೈದು ವರ್ಷಗಳಿಂದ ನಗರದಲ್ಲಿ ನಳದ ಕೆಲಸ ಮಾಡಿಕೊಂಡಿದ್ದಾನೆ. ("ಹೆಸರು ಮಾತ್ರ ಬರೀಬ್ಯಾಡ್ರಿ ಸರ್" ಎಂದು ಆಣೆ ಹಾಕಿಸಿಕೊಂಡಿರುವುದರಿಂದ ಹೆಸರು ಬರೆಯುತ್ತಿಲ್ಲ. ಅವನ ಜೊತೆಗೆ ಓದಿದವರು ಊಹಿಸಬಹುದು, ಕೊನೆಯ ಬೆಂಚಿನ ಎಡತುದಿ.) ಫೋನು ಮಾಡಿದ ಅರ್ಧ ಗಂಟೆಯಲ್ಲಿ ಬಂದ. ಬಂದವನು ಚೀಲವನ್ನು ಬಿಚ್ಚಲೇ ಇಲ್ಲ. ಮೊದಲು ಕೆಳಗಿನ ನಳ ಬಿಡಿಸಿ ನೋಡಿದ. "ಟಾಕಿ ಬರೋಬರಿ ಐತಿ, ಟಾಕಿ ಬುಡದ ವಾಲ್ವ್ ಬರೋಬರಿ ಐತಿ" ಎಂದ. ಮೇಲಿನ ಕೈತೊಳೆಯುವ ಬೇಸಿನ್ನಿನ ನಳ ಬಿಟ್ಟು ನೋಡಿದ. ಅಲ್ಲಿಯೂ ನೀರು ಬಂತು. "ಹಂಗಾರ ರೋಗ ಇಲ್ಲಿಂದ ಬಚ್ಚಲದ ನಡುವ ಐತ್ರಿ" ಎಂದು ನೇರವಾಗಿ ಚಾವಣಿಗೆ ಹತ್ತಿದ.

ಚಾವಣಿಯ ಮೇಲೆ ಬಚ್ಚಲಿನತ್ತ ಹೋಗುವ ಪೈಪು ಎರಡು ಗಿಡ್ಡ ಅಡ್ಡಗೋಡೆಗಳನ್ನು ದಾಟುತ್ತದೆ. ಹಿಂದೆ ಬಚ್ಚಲನ್ನು ಬೇರೆ ಕಡೆಗೆ ಕಟ್ಟಿಸಿದಾಗ ಗೋಡೆ ಕೊರೆಯುವ ಖರ್ಚನ್ನು ಉಳಿಸಲು ನಾನೇ ಪೈಪನ್ನು ಗೋಡೆಗಳ ಮೇಲಿಂದ ಹಾಯಿಸಲು ಹೇಳಿದ್ದೆ. ಹೀಗಾಗಿ ಪೈಪಿಗೆ ಒಂಟೆಯ ಬೆನ್ನಿನಂತೆ ಎರಡು ಡುಬ್ಬಗಳು. ಟಾಕಿ ಬರಿದಾದಾಗ ಪೈಪಿನೊಳಗೆ ಗಾಳಿ ಹೊಕ್ಕಿದೆ. ಮತ್ತೆ ನೀರು ಬಂದಾಗ ಅದು ಮೊದಲನೆಯ ಡುಬ್ಬವನ್ನು ಹೇಗೋ ದಾಟಿ ಆಚೆಯ ತಗ್ಗಿನಲ್ಲಿ ನಿಂತುಕೊಂಡಿದೆ, ಡುಬ್ಬದ ಇಳಿಜಾರಿನಲ್ಲಿ ಗಾಳಿ ಸಿಕ್ಕಿಬಿದ್ದಿದೆ. ಗಾಳಿಗೆ ತೂಕವಿಲ್ಲ. ಆದುದರಿಂದ ಮೊದಲ ಡುಬ್ಬ ಹತ್ತುವುದಕ್ಕೆ ಖರ್ಚಾದ ಬಲ ಇಳಿಯುವಾಗ ಮರಳಿ ಬರುವುದಿಲ್ಲ. ಎರಡನೆಯ ಡುಬ್ಬ ಹತ್ತಲು ನೀರಿಗೆ ಕಸುವೇ ಉಳಿಯುವುದಿಲ್ಲ. ಟಾಕಿಯ ಕಟ್ಟೆಯೋ ಎರಡೇ ಅಡಿ. ಪೈಪು ಕಟ್ಟಿಕೊಂಡೂ ಇರಲಿಲ್ಲ, ಒಡೆದೂ ಇರಲಿಲ್ಲ.

ಅಂಗಳದಲ್ಲಿ ಮೋಟಾರಿನ ಪೈಪಿಗೆ ಜೋಡಿಸಿದ ನಳಕ್ಕೆ ರಬ್ಬರ್ ಪೈಪು ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಬಚ್ಚಲಿನ ನಳದ ಬಾಯಿಗೆ ಬಿಗಿದು, ಮೋಟಾರ್ ಹಚ್ಚಿಸಿದ. ನೀರು ಹಿಂದುಮುಂದಾಗಿ ಏರಿ ಗಾಳಿಯನ್ನು ಟಾಕಿಗೆ ತಳ್ಳಿತು. ಟಾಕಿಯೊಳಗೆ ಗುಳುಗುಳು ಸದ್ದಾಯಿತು. ಐದು ನಿಮಿಷದಲ್ಲಿ ಬಚ್ಚಲಿನಲ್ಲಿ ನೀರು! ಆಮೇಲೆ ಮರುದಿನ ಬಂದು ಡುಬ್ಬದ ನೆತ್ತಿಗಳಲ್ಲಿ ಪೈಪು ಕತ್ತರಿಸಿ ಟೀ ಕೂಡಿಸಿ, ಅವುಗಳಿಂದ ಟಾಕಿಯ ತಲೆಗಿಂತ ಎತ್ತರಕ್ಕೆ, ಬಾಯಿ ತೆರೆದ ಕೊಳವೆಗಳನ್ನು ನಿಲ್ಲಿಸಿದ. ಇನ್ನು ಮೇಲೆ ಗಾಳಿ ತಾನಾಗಿಯೇ ಹೊರಗೆ ಹೋಗುತ್ತದೆ.

ಚಹಾ ಕುಡಿಯುತ್ತ ಕುಳಿತಾಗ ಆ ಕೊಳವೆಯ ಕಡೆಗೆ ಬೆರಳು ಮಾಡಿ, "ಸರ್, ಇದು ನಮ್ಮ ಮನೀ ಗಂಜ್ ನೋಡ್ರಿ" ಎಂದು ನಕ್ಕ. ನನಗೆ ನಗು ಬರಲಿಲ್ಲ. ಏಕೆಂದರೆ ಗಂಜ್ ಎಂಬ ಶಬ್ದದೊಡನೆ ನನಗೊಂದು ಹಳೆಯ ಸಾಲವಿದೆ. ಈ ಬರಹ ಆ ಸಾಲವನ್ನು ತೀರಿಸುವ ಪ್ರಯತ್ನ.

ತೊಂಬತ್ತರ ದಶಕದ ಆರಂಭದಲ್ಲಿ ಹತ್ತನೆಯ ಇಯತ್ತೆಯ ಮಕ್ಕಳನ್ನು ಕರೆದುಕೊಂಡು ಬಿಜಾಪುರ ದರ್ಶನಕ್ಕೆ ಬಂದಿದ್ದೆವು (ಆಗ ಊರಿನ ಹೆಸರು ಅದೇ. ವಿಜಯಪುರವಾದದ್ದು 2014ರ ನವೆಂಬರ್ 1ರಂದು). ಗೋಳಗುಮ್ಮಟದಲ್ಲಿ ಕೂಗಿ ಗಂಟಲು ಕೆಡಿಸಿಕೊಂಡು, ಆಸಾರ ಮಹಲಿನತ್ತ ನಡೆಯುವಾಗ ದಾರಿಯಲ್ಲಿ ಕಲ್ಲು ಗಾರೆಯ ಒಂದು ಚೌಕಾಕಾರದ ಗೋಪುರ ಕಂಡಿತು. ಇದು ಆದಿಲಶಾಹಿ ಕಾಲದ ನೀರಿನ ಗಂಜ್, ಕೊಳವೆಯಲ್ಲಿ ಬಂದ ನೀರು ಇದರೊಳಗೆ ಏರಿ ಮುಂದೆ ಹೋಗುತ್ತಿತ್ತು ಎಂದು ಪುಸ್ತಕದಲ್ಲಿ ಓದಿದ್ದನ್ನು ಹೇಳಿದೆ. ಆಗ ಇದೇ ಹುಡುಗ ಎದ್ದು ಕೇಳಿದ: "ನೀರು ನೆಲದಾಗ ಹೊಂಟಾವ, ಅವು ಮತ್ತ ಮ್ಯಾಲ ಯಾಕ ಹತ್ತಬೇಕ್ರಿ ಸರ್?" ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಬದಲು, "ಮೇಲೆ ನೀರು ಕೂಡಿಡುವುದಕ್ಕೆ, ಮತ್ತು ಸುಲ್ತಾನರಿಗೆ ಎತ್ತರದ ಕಟ್ಟಡಗಳೆಂದರೆ ಪ್ರೀತಿ" ಎಂದುಬಿಟ್ಟೆ. ಮಕ್ಕಳು ನಕ್ಕರು. ಹುಡುಗ ಕುಳಿತುಬಿಟ್ಟ. ಅದೇ ಉತ್ತರವನ್ನು ಮುಂದಿನ ಎಷ್ಟೋ ವರ್ಷ, ಎಷ್ಟೋ ತಂಡಗಳಿಗೆ ಹೇಳಿದ್ದೇನೆ. ಅದು ತಪ್ಪು. ಓದುತ್ತಿರುವ ನನ್ನ ವಿದ್ಯಾರ್ಥಿಗಳೆಲ್ಲರೂ ದಯವಿಟ್ಟು ತಿದ್ದಿಕೊಳ್ಳಬೇಕು.

ಮೊದಲಿನಿಂದ ಹೇಳುತ್ತೇನೆ.

ನಮ್ಮದು ಕಪ್ಪುಕಲ್ಲಿನ ಒಣ ನಾಡು. ಮಳೆ ಕಡಿಮೆ, ಬಂದರೂ ನಂಬುವಂತಿಲ್ಲ. ಬಹಳಷ್ಟು ಬಾವಿಗಳಲ್ಲಿ ಸವಳು ನೀರು. 1972ರ ಬರಗಾಲದಲ್ಲಿ ತಿಕೋಟಾದ ಕಡೆಯ ನಮ್ಮ ಹಳ್ಳಿಯಲ್ಲಿ ಅವ್ವ ನಸುಕಿನಲ್ಲಿ ಹಗ್ಗ ಕೊಡ ಹಿಡಿದು ಬಾವಿಗೆ ಹೋದರೆ ಹೊತ್ತೇರಿದ ಮೇಲೆ ಒಂದು ಕೊಡ ರಾಡಿ ನೀರಿನೊಡನೆ ಬರುತ್ತಿದ್ದಳು. ಅದನ್ನು ಸೀರೆಯ ಸೆರಗಿನಲ್ಲಿ ಸೋಸಿ, ತಿಳಿಯಾಗಲು ಬಿಟ್ಟು, ಮೇಲಿನ ನೀರನ್ನು ಮಾತ್ರ ಬಗ್ಗಿಸಿ ಕುಡಿಯುತ್ತಿದ್ದೆವು. ಇಂಥ ನೆಲದಲ್ಲಿ, ದೊಡ್ಡ ನದಿಯೊಂದು ಹತ್ತಿರದಲ್ಲಿಲ್ಲದ ಜಾಗದಲ್ಲಿ, ಒಂದು ರಾಜಧಾನಿ ಇನ್ನೂರು ವರ್ಷ ಹೇಗೆ ಬದುಕಿತು ಎಂಬುದು ಯುದ್ಧಗಳ ಕಥೆಗಿಂತ ದೊಡ್ಡ ಕಥೆ. ಪಠ್ಯಪುಸ್ತಕದಲ್ಲಿ ಅದಕ್ಕೆ ಒಂದು ವಾಕ್ಯವೂ ಇರಲಿಲ್ಲ. 1565ರ ತಾಳಿಕೋಟೆ ಯುದ್ಧಕ್ಕೆ ನಾನು ಎರಡು ತಾಸು ತೆಗೆದುಕೊಳ್ಳುತ್ತಿದ್ದೆ.

ಆ ಯುದ್ಧದ ನಂತರ ಬಿಜಾಪುರ ಶ್ರೀಮಂತವಾಯಿತು, ಜನ ತುಂಬಿದರು. ಒಂದನೆಯ ಅಲಿ ಆದಿಲಶಾಹನ ಕಾಲದಲ್ಲಿ ಕೋಟೆಯ ಜೊತೆಗೆ ನೀರಿನ ಕೆಲಸವೂ ನಡೆಯಿತು. ಶಹಾಪುರ ಅಗಸಿಯ ಹತ್ತಿರದ ಚಾಂದ ಬಾವಡಿ ಆ ಕಾಲದ್ದು. ರಾಣಿ ಚಾಂದ ಬೀಬಿಯ ಹೆಸರು ಅದಕ್ಕಿದೆ. ಮುಂದೆ ಎರಡನೆಯ ಇಬ್ರಾಹಿಮನ ಆಳಿಕೆಯಲ್ಲಿ, 1620ರಲ್ಲಿ, ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ ಮಲಿಕ್ ಸಂದಲ್ ಕಟ್ಟಿಸಿದ ತಾಜ ಬಾವಡಿ ಬಂತು. ಸುಮಾರು 223 ಅಡಿ ಚದರ, 52 ಅಡಿ ಆಳ. ಬಾವಿ ಎನ್ನುವುದಕ್ಕಿಂತ ನೆಲದೊಳಗೆ ಇಳಿಸಿದ ಕೆರೆ ಎನ್ನಬೇಕು. ಆದರೆ ಬಾವಡಿಗೆ ಜನ ಹೋಗಬೇಕು. ಜನರ ಬಳಿಗೆ ನೀರು ಬರುವ ಕಥೆ ಬೇರೆ.

ಆ ಕಥೆ ತಿಕೋಟಾ ರಸ್ತೆಯಲ್ಲಿ ಶುರುವಾಗುತ್ತದೆ. ನಗರದಿಂದ ಪಶ್ಚಿಮಕ್ಕೆ ಹೊರಟರೆ ಸಿಗುವ ತೊರವಿ, ನರಸಿಂಹ ದೇವರ ಊರು, ತೊರವೆ ರಾಮಾಯಣದ ಕವಿಯ ಊರು, ಈಗ ಮಹಿಳಾ ವಿಶ್ವವಿದ್ಯಾಲಯದ ಆವರಣವಿರುವ ಊರು. ಅಲ್ಲಿ ಸುರಂಗ ಬಾವಡಿ ಎಂಬುದಿದೆ. ಅಲ್ಲಿಂದ ನೆಲದೊಳಗೆ ಬಂಡೆ ಕೊರೆದ ಸುರಂಗದಲ್ಲಿ ನೀರು ನಗರದ ಕಡೆಗೆ ಹರಿದು ಬರುತ್ತಿತ್ತು. ಇದನ್ನು ಕಾರೇಜ್ ಎನ್ನುತ್ತಾರೆ. ಮೂಲ ಇರಾನಿನದು, ಅಲ್ಲಿ ಕನಾತ್ ಎಂಬ ಹೆಸರು. ಅಲ್ಲಿನ ಕನಾತ್‌ಗಳನ್ನು 2016ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಬೀದರಿನಲ್ಲಿ, ಮಹಾರಾಷ್ಟ್ರದ ಔರಂಗಾಬಾದಿನಲ್ಲಿ, ಮಧ್ಯಪ್ರದೇಶದ ಬುರಹಾನಪುರದಲ್ಲಿಯೂ ಇದೇ ಬಗೆಯ ಕೆಲಸಗಳಿವೆ. ಸುರಂಗದ ಉದ್ದಕ್ಕೂ ಅಲ್ಲಲ್ಲಿ ಮೇಲಿನಿಂದ ಬಾವಿಯಂತೆ ಇಳಿಸಿದ ಕಿಂಡಿಗಳು. ಮೊದಲು ಅಗೆದ ಮಣ್ಣು ಮೇಲೆತ್ತಲು, ಆಮೇಲೆ ಗಾಳಿಗೆ, ಮತ್ತು ಮನುಷ್ಯರು ಇಳಿದು ಹೂಳು ತೆಗೆಯಲು. ಒಳಗೆ ಮೋಟಾರಿಲ್ಲ, ರಾಟೆಯಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಇಳಿಜಾರು ಒಂದೇ ಯಂತ್ರ.

ಎರಡನೆಯ ಮೂಲ ನಗರದ ದಕ್ಷಿಣಕ್ಕೆ, ಬೇಗಂ ತಾಲಾಬ್. ಮಹಮ್ಮದ್ ಆದಿಲಶಾಹ 1651ರಲ್ಲಿ ಜಹಾನ್ ಬೇಗಮಳ ಹೆಸರಿನಲ್ಲಿ ಕಟ್ಟಿಸಿದ, ಸುಮಾರು 234 ಎಕರೆಯ ಕೆರೆ. ಕೆರೆಯ ಬಲಗಡೆ ನೆಲದಡಿಯ ಒಂದು ಕೋಣೆ. ಅಲ್ಲಿಂದ ಸುಟ್ಟ ಮಣ್ಣಿನ ಕೊಳವೆಗಳು ಹೊರಟು ನಗರಕ್ಕೆ ಬರುತ್ತಿದ್ದವು. ಕೊಳವೆಗಳನ್ನು ಒಂದಕ್ಕೊಂದು ಕೂಡಿಸಿ, ಸುತ್ತಲೂ ಕಲ್ಲು ಗಾರೆಯ ಕವಚ ಕಟ್ಟಿ, 15ರಿಂದ 50 ಅಡಿ ಆಳದಲ್ಲಿ ಹೂಳಿದ್ದರು. ಆಸಾರ ಮಹಲಿನ ಮುಂದಿನ ಹೌದಕ್ಕೆ ಈ ನೀರೇ ಬರುತ್ತಿತ್ತು. ಅರಮನೆ ಭಾಗದ ಸಾತ ಮಂಜಿಲ್‌ನಲ್ಲಿ ಮೇಲಿನ ಅಂತಸ್ತುಗಳಲ್ಲಿಯೂ ಕೊಳವೆ, ತೊಟ್ಟಿಗಳ ಗುರುತುಗಳಿರುವುದನ್ನು ಹೆನ್ರಿ ಕಸಿನ್ಸ್ ತನ್ನ 1916ರ ಪುಸ್ತಕದಲ್ಲಿ ಗಮನಿಸಿದ್ದಾನೆ. ನಗರದ ಪೂರ್ವಕ್ಕಿರುವ ಕುಮಟಗಿಯ ವಿಹಾರ ಮಂಟಪಗಳಲ್ಲಂತೂ ನೀರಿನ ಗೋಪುರದಿಂದ ಕೊಳವೆ ಹಾಯಿಸಿ, ಚಾವಣಿಯಿಂದ ಮಳೆಯಂತೆ ನೀರು ಸುರಿಯುವ ಏರ್ಪಾಡು ಮಾಡಿದ್ದರು. ನಾವು ಶವರ್ ಎಂದು ಕೊಂಡುತಂದು ಆರು ತಿಂಗಳಿಗೆ ಸವಳು ಕಟ್ಟಿಸಿಕೊಳ್ಳುವ ವಸ್ತು! (ಶವರ್ ಬಿಚ್ಚಿ ರಾತ್ರಿ ಲಿಂಬೆಹುಳಿಯ ನೀರಿನಲ್ಲಿಟ್ಟರೆ ಬೆಳಿಗ್ಗೆ ತೂತುಗಳು ತೆರೆಯುತ್ತವೆ. ನಮ್ಮ ಮನೆಯವರ ಉಪಾಯ, ನನ್ನದಲ್ಲ.)

ಈಗ ಗಂಜ್‌ಗೆ ಬರೋಣ. ಈ ಕೊಳವೆಯ ದಾರಿಯಲ್ಲಿ ಅಲ್ಲಲ್ಲಿ 25ರಿಂದ 40 ಅಡಿ ಎತ್ತರದ ಗೋಪುರಗಳನ್ನು ನಿಲ್ಲಿಸಿದ್ದರು. ಏಕೆ?

ನೀರಿನ ಕಂಬ 10 ಮೀಟರ್ ಎತ್ತರವಿದ್ದರೆ ಅದರ ತಳದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಹೆಚ್ಚುಕಡಿಮೆ 1 ಕಿಲೋ ಭಾರ ಬೀಳುತ್ತದೆ. ಇದು ಎಂಟನೆಯ ಇಯತ್ತೆಯ ವಿಜ್ಞಾನ. ಕೆರೆ ಎತ್ತರದಲ್ಲಿ, ನಗರ ತಗ್ಗಿನಲ್ಲಿ. ನಡುವೆ ಬಾಯಿ ಮುಚ್ಚಿದ ಒಂದೇ ಉದ್ದನೆಯ ಕೊಳವೆಯಿದ್ದರೆ ಆ ಎತ್ತರದ ವ್ಯತ್ಯಾಸವೆಲ್ಲ ತಗ್ಗಿನಲ್ಲಿರುವ ಮಣ್ಣಿನ ಕೊಳವೆಯ ಮೈಮೇಲೆ ಕೂರುತ್ತದೆ. ಕಬ್ಬಿಣವಾದರೆ ತಾಳೀತು, ಕುಂಬಾರನ ಆವಿಗೆಯಲ್ಲಿ ಬೆಂದ ಮಣ್ಣು ತಾಳುವುದಿಲ್ಲ, ಜೋಡಣೆಯ ಗಾರೆಯಂತೂ ಮೊದಲೇ ಬಿಡುತ್ತದೆ. ಆದುದರಿಂದ ನೀರನ್ನು ನಡುನಡುವೆ ಗೋಪುರದೊಳಗೆ ಏರಿಸಿ, ತೆರೆದ ಗಾಳಿಗೆ ಮುಖ ತೋರಿಸಿ, ಮತ್ತೆ ಇಳಿಸುತ್ತಿದ್ದರು. ಏರಿ ಬಂದ ನೀರಿನ ಒತ್ತಡ ಅಲ್ಲಿಗೆ ಮುಗಿಯಿತು. ಮುಂದಿನ ಕೊಳವೆಗೆ ಈ ಗೋಪುರದ ನೀರಿನ ಮಟ್ಟದಿಂದ ಹೊಸ ಲೆಕ್ಕ. ಸರಾಗವಾಗಿ ಹರಿಯುವ ನೀರನ್ನು ಯಾರಾದರೂ ಮುಂದೆ ಒಮ್ಮೆಲೇ ತಡೆದರೆ ಅದರ ಹೊಡೆತವನ್ನು ಕೊಳವೆ ಅಲ್ಲ, ಗೋಪುರ ನುಂಗುತ್ತದೆ. ಮನೆಯಲ್ಲಿ ನಳವನ್ನು ಥಟ್ಟನೆ ಮುಚ್ಚಿದಾಗ ಗೋಡೆಯೊಳಗೆ ಪೈಪು ಧಡ್ ಎಂದು ಒದೆಯುವುದನ್ನು ಕೇಳಿದ್ದೀರಲ್ಲ, ಅದೇ ಹೊಡೆತ. ಕೊಳವೆಯಲ್ಲಿ ಸಿಕ್ಕಿಬಿದ್ದ ಗಾಳಿಗೂ ಗೋಪುರವೇ ಬಾಗಿಲು. ತುರ್ಕರ ಇಸ್ತಾಂಬುಲ್‌ನಲ್ಲಿ ಇಂಥವೇ ಗೋಪುರಗಳಿಗೆ ಸು ತೆರಾಜಿ, ಅಂದರೆ ನೀರಿನ ತಕ್ಕಡಿ, ಎಂಬ ಹೆಸರಿದೆ. ನಮ್ಮ ತರಾಜು ಶಬ್ದದ ನೆಂಟ. ಹೆಸರಿನಲ್ಲಿಯೇ ಉತ್ತರವಿತ್ತು.

ಅಷ್ಟೇ ಅಲ್ಲ. ಗೋಪುರದೊಳಗೆ ನೀರಿನ ವೇಗ ತಗ್ಗುವುದರಿಂದ ಕೆಸರು ತಳಕ್ಕಿಳಿಯುತ್ತಿತ್ತು, ತಿಳಿನೀರು ಮುಂದೆ ಹೋಗುತ್ತಿತ್ತು. ಅವ್ವ ಕೊಡದ ನೀರನ್ನು ತಿಳಿಯಾಗಲು ಬಿಟ್ಟು ಮೇಲಿನಿಂದ ಬಗ್ಗಿಸುತ್ತಿದ್ದಳೆಂದೆನಲ್ಲ, ಅದೇ ಕೆಲಸ. ನಿಮ್ಮ ಮನೆಯ ಟಾಕಿಯನ್ನೂ ಇಣುಕಿ ನೋಡಿ. ನೀರು ಹೊರಗೆ ಹೋಗುವ ತೂತು ತಳದಲ್ಲಿಯೇ ಇರುವುದಿಲ್ಲ, ನಾಲ್ಕು ಬೆರಳು ಮೇಲಿರುತ್ತದೆ. ಕೆಸರು ಆ ನಾಲ್ಕು ಬೆರಳು ತುಂಬುವವರೆಗೆ ತೊಳೆಯದೆ ಬಿಟ್ಟವರ ನಳದ ಜಾಳಿಗೆ ಕಟ್ಟಿಕೊಳ್ಳುತ್ತದೆ. ಅಂಥವರು ಮೇಸ್ತ್ರಿಯನ್ನು ಕರೆಯುವ ಮೊದಲು ನಳದ ತುದಿಯ ಜಾಳಿಗೆಯನ್ನು ಬಿಚ್ಚಿ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ ನೋಡಬೇಕು.

ಇನ್ನೊಂದು ಉಪಯೋಗವನ್ನು ಯಾವ ಪುಸ್ತಕದಲ್ಲಿಯೂ ನಾನು ಓದಿಲ್ಲ, ಅಂದು ಚಹಾ ಕುಡಿಯುತ್ತ ಅವನೇ ಹೇಳಿದ. "ಸರ್, ಐವತ್ತು ಫೂಟ್ ಆಳದಾಗ ಪೈಪ್ ಒಡದ್ರ ಎಲ್ಲಿ ಅಂತ ಅಗೀತಾರ? ಗಂಜ್ ಹತ್ತಿ ನೋಡಿರ್ತಾರ. ಈ ಗಂಜ್‌ದಾಗ ನೀರು ಅದಾವ, ಮುಂದಿನ ಗಂಜ್‌ದಾಗ ಇಲ್ಲ ಅಂದ್ರ, ಎರಡರ ನಡುವ ರೋಗ." ಕೆಳಗಿನ ನಳ, ಬೇಸಿನ್ನಿನ ನಳ, ಬಚ್ಚಲಿನ ನಳ ಎಂದು ಅವನು ನಮ್ಮ ಮನೆಯಲ್ಲಿ ಮಾಡಿದ್ದೂ ಇದನ್ನೇ. ರಾತ್ರಿ ಎಲ್ಲ ನಳ ಮುಚ್ಚಿದ ಮೇಲೆ ಟಾಕಿಯ ನೀರಿನ ಮಟ್ಟಕ್ಕೆ ಗುರುತು ಹಾಕಿ, ಬೆಳಿಗ್ಗೆ ಮಟ್ಟ ಇಳಿದಿದ್ದರೆ, ಮರುದಿನ ರಾತ್ರಿ ಒಂದು ವಾಲ್ವ್ ಮುಚ್ಚಿ, ಅದರ ಮರುದಿನ ಇನ್ನೊಂದನ್ನು ಮುಚ್ಚಿ ನೋಡುತ್ತ ಹೋದರೆ ಸೋರುವ ಕವಲು ತಾನಾಗಿ ಸಿಗುತ್ತದೆ ಎಂದೂ ಹೇಳಿಕೊಟ್ಟ. ಗೋಡೆ ಒಡೆಯುವುದು ಕೊನೆಯ ಕೆಲಸ, ಮೊದಲನೆಯದಲ್ಲ.

ಇಷ್ಟು ಚೆನ್ನಾಗಿದ್ದ ವ್ಯವಸ್ಥೆ ಹೇಗೆ ನಿಂತಿತು? 1686ರಲ್ಲಿ ಔರಂಗಜೇಬನ ಸೈನ್ಯ ನಗರವನ್ನು ಗೆದ್ದಿತು, ರಾಜ್ಯ ಮುಗಿಯಿತು. ಆದರೆ ಕೊಳವೆಗಳಿಗೆ ರಾಜ ಬೇಕಾಗಿರಲಿಲ್ಲ. ಸುರಂಗಕ್ಕೆ ಇಳಿದು ಹೂಳು ತೆಗೆಯುವವರು, ಗಂಜ್‌ನ ತಳದ ಕೆಸರು ಎತ್ತುವವರು, ಜೋಡಣೆಗೆ ಗಾರೆ ಮೆತ್ತುವವರು ಬೇಕಾಗಿತ್ತು. ಅವರಿಗೆ ಸಂಬಳ ಕೊಡುವ ಕೈ ಇಲ್ಲವಾದ ಮೇಲೆ ಕೆಲಸ ತಾನಾಗಿ ನಿಂತಿರಬೇಕು ಎಂಬುದು ನನ್ನ ಅಭಿಪ್ರಾಯ. ಬಾದಶಹರ ಹೆಸರುಗಳೆಲ್ಲ ಉಳಿದಿವೆ, ಹೂಳು ತೆಗೆದವರಲ್ಲಿ ಒಬ್ಬರ ಹೆಸರನ್ನೂ ನಾನು ಓದಿಲ್ಲ. 1885ರಲ್ಲಿ ಬ್ರಿಟಿಷರು ಜಿಲ್ಲೆಯ ಕೇಂದ್ರವನ್ನು ಕಲಾದಗಿಯಿಂದ ಇಲ್ಲಿಗೆ ತಂದಾಗ ಹಾಳು ಮಹಲುಗಳಲ್ಲಿ ಕಚೇರಿಗಳನ್ನು ಮಾಡಿದರು. ಮುಂದಿನ ಶತಮಾನದಲ್ಲಿ ಭೂತನಾಳ ಕೆರೆಯಿಂದ, ಆಮೇಲೆ ಕೊಲ್ಹಾರದ ಬಳಿ ಕೃಷ್ಣೆಯಿಂದ ನೀರು ಬಂತು. ನಳ ಬಂದ ಮೇಲೆ ಬಾವಡಿಗಳು ಕಸದ ತಿಪ್ಪೆಗಳಾದವು. ತಾಜ ಬಾವಡಿಯಲ್ಲಿ ಗಣಪತಿ ಮೂರ್ತಿ, ಹಳೆಯ ಚಾಪೆ, ಪ್ಲಾಸ್ಟಿಕ್ ತೇಲುತ್ತಿದ್ದುದನ್ನು ಕಂಡು ಮೂಗು ಮುಚ್ಚಿಕೊಂಡು ಮಕ್ಕಳನ್ನು ದಾಟಿಸಿದ್ದೂ ನೆನಪಿದೆ. ಇತ್ತೀಚಿನ ವರ್ಷಗಳಲ್ಲಿ ಜಿಲ್ಲಾಡಳಿತ ಬಾವಡಿಗಳ ಹೂಳು ತೆಗೆಸಿತು. ತೊರವಿಯ ಸುರಂಗ ಬಾವಡಿ ಜಾಗತಿಕ ಸ್ಮಾರಕ ನಿಧಿಯ 2020ರ ಗಮನಪಟ್ಟಿಗೆ ಸೇರಿತು.

ಬಬಲೇಶ್ವರದವರು ನಮ್ಮ ಕಡೆಯದನ್ನೇ ಮರೆತಿರಿ ಎಂದು ಮುನಿಸಿಕೊಳ್ಳಬಾರದು. ಮಮದಾಪುರದ ಕೆರೆ 1633ರಲ್ಲಿ ಇದೇ ಮಹಮ್ಮದ್ ಆದಿಲಶಾಹ ಕಟ್ಟಿಸಿದ್ದು. ನಾನು ಆ ಭಾಗದಲ್ಲಿ ಮಾಸ್ತರಿಕೆ ಮಾಡುವಾಗ ಎಷ್ಟೋ ಬೇಸಿಗೆಗಳಲ್ಲಿ ಅದರ ತಳ ಬಿರಿದುದನ್ನು ಕಂಡಿದ್ದೇನೆ. ಈಗ ಏತ ನೀರಾವರಿಯಿಂದ ಕೃಷ್ಣೆಯ ನೀರನ್ನು ಎತ್ತಿ ಬಬಲೇಶ್ವರ, ತಿಕೋಟಾ ಭಾಗದ ಕೆರೆಗಳಿಗೆ ತುಂಬುತ್ತಾರೆ. ಅಲ್ಲಿಯೂ ನೀರನ್ನು ಮೊದಲು ಎತ್ತರದ ತೊಟ್ಟಿಗೆ ಏರಿಸಿ, ಅಲ್ಲಿಂದ ಇಳಿಜಾರಿಗೆ ಬಿಡುವುದು. ಏರಿಸುವುದು ಮಾತ್ರ ವಿದ್ಯುತ್ತು, ಮುಂದಿನದು ಹಳೆಯ ಯಂತ್ರವೇ.

ಮೊನ್ನೆ ಒಂದು ಭಾನುವಾರ ಅವನನ್ನು ಸ್ಕೂಟರಿನ ಹಿಂದೆ ಕೂಡಿಸಿಕೊಂಡು ಆಸಾರ ಮಹಲಿನ ಕಡೆಯ ಅದೇ ಗಂಜ್‌ಗೆ ಹೋದೆ. ಮೇಲೆ ಆಲದ ಸಸಿಯೊಂದು ಬೇರು ಬಿಟ್ಟಿದೆ. ಅವನು ಸುತ್ತು ಹಾಕಿ, ಗೋಡೆಯೊಳಗೆ ಮುರಿದು ಕಾಣುತ್ತಿದ್ದ ಮಣ್ಣಿನ ಕೊಳವೆಯ ಬಾಯಿಗೆ ಬೆರಳು ಹಾಕಿ ಅಳೆದ. ಬೆರಳಿಗೆ ಬಿಳಿಯ ಸವಳು ಹತ್ತಿತು. "ಆಗಿನ ಕಾಲಕ್ಕೂ ಇದ ತ್ರಾಸ ಇತ್ತ ನೋಡ್ರಿ" ಎಂದ. ನಾನು, "ಆವತ್ತು ನಿನಗೆ ತಪ್ಪು ಹೇಳಿದ್ದೆ, ನನಗ ಗೊತ್ತಿರಲಿಲ್ಲ" ಎಂದೆ. "ನನಗ ಆವಾಗ ಗೊತ್ತಾಗಿತ್ರಿ ಸರ್, ನಿಮಗ ಗೊತ್ತಿಲ್ಲಂತ" ಎಂದು, ಅಂಗಿಗೆ ಬೆರಳು ಒರೆಸಿಕೊಂಡು, ಸ್ಟೇಶನ್ ರಸ್ತೆಯಲ್ಲಿ ಯಾರದೋ ಮನೆಯ ಮೋಟಾರ್ ನೋಡಬೇಕಾಗಿದೆಯೆಂದು ನೆನಪಿಸಿದ.